ಕಿಡ್ನಿ ಕಾಯಿಲೆಯೂ ನಮ್ಮ ಸಂಘದ ಕರ್ತವ್ಯವೂ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಡೈರಿ ಆವರಣದಲ್ಲಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚು ಮಾಡಲಾಗಿದೆ.)



ನಾನು ಭಾಷಣಕಾರನಲ್ಲ. ಎಸ್‌.ಎಸ್‌.ಎಲ್‌.ಸಿ. ಓದಿ ನೇಗಿಲು ಹಿಡಿದವನು. ಹೊಗೆಸೊಪ್ಪು, ರಾಗಿ, ಜೋಳ, ನಾಲ್ಕು ಹಸು, ಇಷ್ಟು ನನ್ನ ಬದುಕು. ಬೆಳ್ಳಿಹಬ್ಬದಲ್ಲಿ ಸಂಘ ಬೆಳೆದು ಬಂದ ದಾರಿಯ ಬಗ್ಗೆ ಮಾತಾಡು ಅಂತ ಅಧ್ಯಕ್ಷರು ಹೇಳಿದ್ದರು. ಆ ವಿಷಯ ಹೇಳೋದಕ್ಕೆ ನನಗಿಂತ ಹಿರಿಯರಿದ್ದಾರೆ. ನಾನು ಕಿಡ್ನಿ ಕಾಯಿಲೆ ಬಗ್ಗೆ ನಾಲ್ಕು ಮಾತು ಹೇಳ್ತೀನಿ ಅಂತ ಕೇಳಿಕೊಂಡೆ. ಒಪ್ಪಿದ್ದಕ್ಕೆ ಅಧ್ಯಕ್ಷರಿಗೆ ವಂದನೆಗಳು. ಡೈರಿಗೂ ಕಿಡ್ನಿಗೂ ಏನು ಸಂಬಂಧ ಅಂತ ಕೆಲವರು ಅಂದುಕೊಳ್ಳಬಹುದು. ಸಂಬಂಧ ಇದೆ. ದಯವಿಟ್ಟು ಕೊನೆತನಕ ಕೇಳಿ.

ನಿಮ್ಮಲ್ಲಿ ಅನೇಕರಿಗೆ ನಮ್ಮ ಅಣ್ಣನ ನೆನಪಿದೆ. ಸಂಘ ಶುರುವಾದಾಗ ಮೊದಲ ದಿನ ಹಾಲು ಹಾಕಿದವರಲ್ಲಿ ಅವನೂ ಒಬ್ಬ. ನನಗಿಂತ ಎಂಟು ವರ್ಷ ದೊಡ್ಡವನು. ಆಳು ಗಟ್ಟಿ. ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬೆಂಕಿ ಮುಂದೆ ಕೂತು, ಬೆಳಗ್ಗೆ ಎದ್ದು ಹಾಲು ಕರೆದು, ಮತ್ತೆ ಹೊಲಕ್ಕೆ ಹೋಗುವವನು. ಬೆನ್ನು ನೋವು, ತಲೆನೋವು ಅವನಿಗೆ ಮಾಮೂಲು. "ಲೇ, ಮೈಕೈ ಎಲ್ಲ ನೋವು ಕಣ್ಲಾ, ಬರುವಾಗ ಮೆಡಿಕಲ್ ಸ್ಟೋರ್‌ನಿಂದ ಆ ಕೆಂಪು ಮಾತ್ರೆ ತಕ್ಕೊಂಡ್ ಬಾ" ಅನ್ನೋನು. ನಾನು ಹತ್ತು ಮಾತ್ರೆಯ ಪಟ್ಟಿ ತಂದುಕೊಡುತ್ತಿದ್ದೆ. ಚೀಟಿ ಇಲ್ಲ, ಡಾಕ್ಟರಿಲ್ಲ. ಹೀಗೆ ಆರೇಳು ವರ್ಷ ನಡೆಯಿತು.

2011ರಲ್ಲಿ ಅವನ ಮುಖ ಊದಿಕೊಳ್ಳೋಕೆ ಶುರುವಾಯಿತು. ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಅನ್ನ ಕಂಡರೆ ವಾಕರಿಕೆ. ಕಾಮಾಲೆ ಇರಬೇಕು ಅಂತ ನಾಟಿ ಔಷಧಿ ಕುಡಿಸಿದೆವು. ಎರಡು ತಿಂಗಳು ಹೀಗೇ ಕಳೆದವು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಎರಡು ಕಿಡ್ನಿಯೂ ಬಹುಪಾಲು ಕೆಟ್ಟಿವೆ ಅಂದರು. ಬಿ.ಪಿ. ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ, ಯಾರೂ ನೋಡಿಲ್ಲ, ಅದರ ಮೇಲೆ ನೋವಿನ ಮಾತ್ರೆ ಬೇರೆ ನುಂಗಿದ್ದಾರೆ ಅಂದರು. ಮಾತ್ರೆ ತಂದುಕೊಟ್ಟವನು ನಾನೇ. ಇದನ್ನು ಸಭೆಯಲ್ಲಿ ಹೇಳೋದು ಇವತ್ತೇ ಮೊದಲು.

ಆಗ ನಮ್ಮ ಕಡೆ ತಾಲ್ಲೂಕಿನಲ್ಲಿ ಡಯಾಲಿಸಿಸ್ ಇರಲಿಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರಕ್ಕೆ ಎರಡು ಸಲ ಮಾಡಿಸಿದೆವು. ಡಾಕ್ಟರು ಮೂರು ಸಲ ಬೇಕು ಅಂದಿದ್ದರು. ನಮಗೆ ಎರಡಕ್ಕೇ ಕಷ್ಟ. ಒಂದು ಸಲಕ್ಕೆ ಸಾವಿರದ ಇನ್ನೂರು. ರಕ್ತ ಹೆಚ್ಚಲು ಇಂಜೆಕ್ಷನ್, ಬಸ್ ಚಾರ್ಜು, ಜೊತೆಗೆ ಹೋದವರ ಊಟ, ಎಲ್ಲ ಸೇರಿ ತಿಂಗಳಿಗೆ ಹದಿನೈದು ಹದಿನಾರು ಸಾವಿರ. ಆಗ ನಮ್ಮ ಮನೆಯ ಹಾಲಿನ ಬಟವಾಡೆ ತಿಂಗಳಿಗೆ ಏಳೆಂಟು ಸಾವಿರ. ಮೊದಲು ಹಸು ಹೋದವು. ಆಮೇಲೆ ಅತ್ತಿಗೆಯ ಒಡವೆ. ಆಮೇಲೆ ರಸ್ತೆ ಬದಿಯ ಒಂದು ಎಕರೆ. 2014ರಲ್ಲಿ ಅಣ್ಣನೂ ಹೋದ. ಅವನ ದೊಡ್ಡ ಮಗ ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಸೇರಿದ.

ಇದನ್ನು ನಿಮ್ಮ ಕನಿಕರಕ್ಕೆ ಹೇಳುತ್ತಿಲ್ಲ. ಒಂದು ಕಾಯಿಲೆ ಒಂದು ಮನೆಯಿಂದ ಏನೇನು ತೆಗೆದುಕೊಂಡು ಹೋಗುತ್ತದೆ ಅನ್ನುವ ಲೆಕ್ಕ ಹೇಳುತ್ತಿದ್ದೇನೆ. ಈ ಸಭೆಯಲ್ಲಿ ಕೂತಿರುವವರಲ್ಲಿ ಇಂಥದೇ ಲೆಕ್ಕ ಹೇಳಬಲ್ಲ ಮನೆಗಳು ಇನ್ನೂ ಇವೆ.

ಕಿಡ್ನಿ ಅಂದರೆ ಏನು ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ತಪ್ಪಿದ್ದರೆ ಡಾಕ್ಟರು ತಿದ್ದಬೇಕು. ಹುರುಳಿ ಬೀಜದ ಆಕಾರ, ನಮ್ಮ ಮುಷ್ಟಿಯಷ್ಟು ಗಾತ್ರ, ಬೆನ್ನಿನ ಎರಡು ಪಕ್ಕಕ್ಕೆ ಒಂದೊಂದು. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಜರಡಿಗಳಿವೆ. ದಿನಕ್ಕೆ ಸುಮಾರು 180 ಲೀಟರ್‌ನಷ್ಟು ನೀರಿನಂಶವನ್ನು ರಕ್ತದಿಂದ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ರಕ್ತಕ್ಕೆ ಬಿಟ್ಟು, ಬೇಡವಾದ ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹಾಕುತ್ತವೆ. ರಕ್ತದ ಒತ್ತಡ ನೋಡಿಕೊಳ್ಳುವುದು, ರಕ್ತ ಉತ್ಪತ್ತಿಗೆ ಬೇಕಾದ ರಸ ಕೊಡುವುದು, ಮೂಳೆ ಗಟ್ಟಿ ಇಡುವುದು ಕೂಡ ಇವುಗಳ ಕೆಲಸವೇ.

ಈ ಜರಡಿಗಳು ಒಮ್ಮೆ ಪೂರ್ತಿ ಕೆಟ್ಟರೆ ಮತ್ತೆ ಹುಟ್ಟುವುದಿಲ್ಲ. ಇನ್ನೊಂದು ಕಷ್ಟ ಅಂದರೆ, ಮುಕ್ಕಾಲು ಪಾಲು ಕೆಟ್ಟರೂ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ನೋವಿಲ್ಲ, ಜ್ವರ ಇಲ್ಲ. ಊತ, ವಾಂತಿ, ಸುಸ್ತು, ಮೈ ನವೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದರೆ ಬಹಳ ಮಂದಿಯಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಸತ್ವ ಸೋರುವುದಕ್ಕೆ ಶುರುವಾಗಿರುತ್ತದೆ. ಮೂತ್ರದಲ್ಲಿ ಅದ್ದುವ ಒಂದು ಕಾಗದದ ಪಟ್ಟಿ ಸಾಕು, ಬಣ್ಣ ಬದಲಾಗಿ ಗೊತ್ತಾಗುತ್ತದೆ. ಜೊತೆಗೆ ಬಿ.ಪಿ. ನೋಡಬೇಕು, ಸಕ್ಕರೆ ನೋಡಬೇಕು. ಅನುಮಾನ ಬಂದರೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಬೇಕು. ಇಷ್ಟೇ.

ಈಗ ಡೈರಿಗೆ ಬರೋಣ. ನಾವು ಬೆಳಗ್ಗೆ ಸಂಜೆ ಎರಡು ಹೊತ್ತು ಕ್ಯೂ ನಿಂತು ಹಾಲು ಹಾಕುತ್ತೇವೆ. ಪ್ರತಿ ಸಲವೂ ಪರೀಕ್ಷೆ. ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ. ಪಾಯಿಂಟ್ ಕಮ್ಮಿ ಬಂದರೆ ಪರೀಕ್ಷಕರ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಹಸುವಿಗೆ ಕೆಚ್ಚಲು ಬಾವು ಬಂದರೆ, ಹಾಲು ಒಡೆಯುವುದಕ್ಕೆ ಮುಂಚೆಯೇ ಗೊತ್ತಾದರೆ ಮೊಲೆ ಉಳಿಯುತ್ತದೆ, ತಡ ಮಾಡಿದರೆ ಮೊಲೆ ಬತ್ತಿ ಹೋಗುತ್ತದೆ ಅನ್ನುವುದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಹಸುವಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುತ್ತೇವೆ. ಆದರೆ ಆ ಹಸು ಕಟ್ಟಿ ಹಾಲು ಕರೆಯುವ ನಮ್ಮ ಬಿ.ಪಿ. ಎಷ್ಟು ಅಂತ ಕೇಳಿದರೆ, ಇಲ್ಲಿರುವ ನೂರು ಜನರಲ್ಲಿ ಎಷ್ಟು ಜನ ಹೇಳಬಲ್ಲಿರಿ? ನಾನೂ ಹೇಳಲಾರದವನೇ ಆಗಿದ್ದೆ. ಅಣ್ಣ ಹೋದ ಮೇಲೆ ತೋರಿಸಿದೆ. ನನಗೂ ಬಿ.ಪಿ. ಇತ್ತು. ಹತ್ತು ವರ್ಷದಿಂದ ದಿನಾ ಒಂದು ಮಾತ್ರೆ ನುಂಗುತ್ತಿದ್ದೇನೆ, ಕಿಡ್ನಿ ಚೆನ್ನಾಗಿದೆ. ಅಣ್ಣನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ. ನನಗೆ ಮುಂಚೆ ಗೊತ್ತಾಯಿತು.

ಇದು ಪಟ್ಟಣದವರ ಕಾಯಿಲೆ, ಶ್ರೀಮಂತರ ಕಾಯಿಲೆ ಅನ್ನುವ ಮಾತು ಸುಳ್ಳು. ನಮ್ಮ ಶಿವಮೊಗ್ಗದ ಹತ್ತಿರದ ಹಳ್ಳಿಗಳಲ್ಲಿ ವೈದ್ಯರು ಮನೆಮನೆಯ ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಒಂದು ಲೆಕ್ಕದ ಪ್ರಕಾರ ನೂರಕ್ಕೆ ಆರರಷ್ಟು ಜನರಲ್ಲಿ ಕಿಡ್ನಿ ತೊಂದರೆ ಕಂಡಿತು. ಇನ್ನೊಂದು ಲೆಕ್ಕದಲ್ಲಿ ಅದಕ್ಕಿಂತಲೂ ಹೆಚ್ಚು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ತೆಂಗು, ಗೋಡಂಬಿ ಬೆಳೆಯುವ ರೈತರ ಮನೆಗಳಲ್ಲಿ ಈ ಕಾಯಿಲೆ ವರ್ಷಗಟ್ಟಲೆಯಿಂದ ಕಾಡುತ್ತಿದೆ. ಅದಕ್ಕಾಗಿಯೇ 2023ರಲ್ಲಿ ಪಲಾಸದಲ್ಲಿ ಸರ್ಕಾರ ಕಿಡ್ನಿ ಆಸ್ಪತ್ರೆ ತೆರೆಯಿತು. ಶ್ರೀಲಂಕಾದ ಭತ್ತದ ರೈತರಲ್ಲೂ ಇದೇ ಗೋಳು. ದೂರದ ಅಮೆರಿಕ ಖಂಡದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಆಳುಗಳು ಹರೆಯದಲ್ಲೇ ಕಿಡ್ನಿ ಕೆಟ್ಟು ಸತ್ತರು. ಉರಿ ಬಿಸಿಲಲ್ಲಿ ನೀರಿಲ್ಲದೆ ದುಡಿದದ್ದು ಒಂದು ಮುಖ್ಯ ಕಾರಣ ಎಂದು ವೈದ್ಯರು ಹೇಳುತ್ತಾರೆ. ಈಗ ಅಲ್ಲಿ ನೀರು, ನೆರಳು, ವಿರಾಮ, ಈ ಮೂರನ್ನು ಆಳುಗಳಿಗೆ ಕೊಡುವ ಪ್ರಯತ್ನ ನಡೆದಿದೆ. ಬ್ಯಾರನ್ ಬೆಂಕಿಯ ಮುಂದೆ, ಸೊಪ್ಪು ಮುರಿಯುವ ಹೊಲದಲ್ಲಿ ಕೆಲಸ ಮಾಡುವ ನಾವು, ನಮ್ಮ ಕೂಲಿಯವರು, ಇದನ್ನು ನೆನಪಿಡಬೇಕು. ಹೊಲಕ್ಕೆ ಬುತ್ತಿ ಜೊತೆ ನೀರಿನ ಕ್ಯಾನೂ ಹೋಗಬೇಕು.

ರೈತರಿಗೇ ವಿಶೇಷವಾಗಿ ಬರುವ ಇನ್ನೂ ಕೆಲವು ಅಪಾಯಗಳಿವೆ. ಒಂದು, ಕೊಳಕುಮಂಡಲ ಹಾವು. ಅದರ ವಿಷ ಕಿಡ್ನಿಯನ್ನೇ ಹಿಡಿಯುತ್ತದೆ. ಕಚ್ಚಿದ ಮೇಲೆ ಮಂತ್ರ, ಬೇರು ಅಂತ ಕಳೆಯುವ ಒಂದೊಂದು ಗಂಟೆಯೂ ಕಿಡ್ನಿಗೆ ಕಂಟಕ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಎರಡು, ಗದ್ದೆ ಕೆಸರಿನಲ್ಲಿ ಇಲಿ ಮೂತ್ರದಿಂದ ಬರುವ ಇಲಿಜ್ವರ. ಗಾಯದ ಕಾಲಲ್ಲಿ ಕೆಸರಿಗೆ ಇಳಿದು, ಆಮೇಲೆ ಜ್ವರ ಬಂದು ಕಣ್ಣು ಕೆಂಪಾದರೆ, ಮೂತ್ರ ಕಡಿಮೆಯಾದರೆ ತಡ ಮಾಡಬೇಡಿ. ಮೂರು, ನಾಟಿ ಔಷಧಿ. ಎಲ್ಲ ನಾಟಿ ಔಷಧಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಈಶ್ವರಿ ಬೇರಿನ ಜಾತಿಯ ಗಿಡಗಳಲ್ಲಿರುವ ಒಂದು ಆಮ್ಲ ಕಿಡ್ನಿಗೆ ವಿಷ ಅಂತ ಪ್ರಪಂಚಕ್ಕೆ ಗೊತ್ತಾಗಿದೆ. 1990ರ ದಶಕದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ತೂಕ ಇಳಿಸುವ ಗಿಡಮೂಲಿಕೆ ಅಂತ ಅಂಥದನ್ನು ನುಂಗಿದ ಅನೇಕ ಹೆಂಗಸರ ಕಿಡ್ನಿ ಹಾಳಾಯಿತು. ನಾಲ್ಕು, ನಾನು ಆಗಲೇ ಹೇಳಿದ ನೋವಿನ ಮಾತ್ರೆ. ಒಂದು ದಿನ, ಎರಡು ದಿನ, ಡಾಕ್ಟರು ಹೇಳಿದರೆ ಸರಿ. ತಿಂಗಳುಗಟ್ಟಲೆ ನಾವೇ ಕೊಂಡು ನುಂಗಬಾರದು.

ಉಪ್ಪಿನ ವಿಷಯ. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಮುದ್ದೆ ಸಾರಿನ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಸೇರಿಸಿ ಎಷ್ಟು ತಿನ್ನುತ್ತೇವೆ ಅಂತ ಮನೆಯ ತಾಯಂದಿರೇ ಲೆಕ್ಕ ಹಾಕಲಿ. ಬೀಡಿ, ಸಿಗರೇಟು ರಕ್ತನಾಳ ಕೆಡಿಸಿ ಕಿಡ್ನಿಗೂ ಏಟು ಕೊಡುತ್ತದೆ. ಹೊಗೆಸೊಪ್ಪು ಬೆಳೆಯುವ ನಾನು ಇದನ್ನು ಹೇಳಿದರೆ ನೀವು ನಗಬಹುದು. ನಗಿ, ಆದರೆ ಮಾತು ನಿಜ. ಇನ್ನು, ಕಾಯಿಲೆ ಆದವರನ್ನು ನೋಡಲು ಹೋಗುವಾಗ ಎಳನೀರು ತೆಗೆದುಕೊಂಡು ಹೋಗುವುದು ನಮ್ಮ ಪದ್ಧತಿ. ಕಿಡ್ನಿ ಕೆಟ್ಟವರಿಗೆ ಎಳನೀರು ಅಪಾಯ. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯಕ್ಕೇ ಕಂಟಕ ಆಗಬಹುದು. ನಾವೂ ಅಣ್ಣನಿಗೆ ಪ್ರೀತಿಯಿಂದ ಕುಡಿಸಿದ್ದೆವು. ಹಾಗೆಯೇ "ನೀರು ಜಾಸ್ತಿ ಕುಡಿ" ಅನ್ನುವ ಬುದ್ಧಿಮಾತು ಆರೋಗ್ಯವಂತರಿಗೆ. ಡಯಾಲಿಸಿಸ್‌ನಲ್ಲಿರುವವರು ಡಾಕ್ಟರು ಹೇಳಿದ ಅಳತೆಯಷ್ಟೇ ಕುಡಿಯಬೇಕು.

ಈಗ ಖರ್ಚಿನ ಮಾತು. ಡಯಾಲಿಸಿಸ್ ಯಂತ್ರ ಹುಟ್ಟಿದ್ದೇ ಬಡತನದ ನಡುವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಹಾಲೆಂಡ್ ದೇಶದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು 1943ರಲ್ಲಿ, ಮಾಂಸದ ಸಾಸೇಜು ತುಂಬುವ ಸೆಲ್ಲೋಫೇನ್ ಕೊಳವೆಯನ್ನೇ ಬಳಸಿ ರಕ್ತ ಸೋಸುವ ಯಂತ್ರ ಮಾಡಿದರು. ಮೊದಲು ಬಹಳ ಜನ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿಕೊಂಡರು. ಅಲ್ಲಿಂದ ಈ ವಿದ್ಯೆ ಬೆಳೆಯಿತು. ನಮ್ಮ ದೇಶದಲ್ಲಿ ಬದುಕಿರುವವರಿಂದ ಕಿಡ್ನಿ ತೆಗೆದು ಕಸಿ ಮಾಡುವ ಕೆಲಸ 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಯಿತು. ವಿದ್ಯೆ ಬಂದು ಇಷ್ಟು ವರ್ಷವಾದರೂ ನಮ್ಮಂಥವರ ಕೈಗೆ ಅದು ಎಟುಕಿದ್ದು ತೀರಾ ಈಚೆಗೆ.

2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟವಾಯಿತು. ಅಲ್ಲಿಂದೀಚೆಗೆ ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತ ಡಯಾಲಿಸಿಸ್ ಬಂದಿದೆ. 2024ರಿಂದ ಒಬ್ಬ ರೋಗಿಗೆ ಬಳಸಿದ ಸೋಸುಕವನ್ನು ತೊಳೆದು ಮತ್ತೆ ಬಳಸುವ ಬದಲು, ಒಂದೇ ಸಲ ಬಳಸಿ ಬಿಸಾಡುವ ಡಯಲೈಸರ್ ಕೊಡಲು ಸರ್ಕಾರ ಶುರು ಮಾಡಿತು. ಇದರಿಂದ ಸೋಂಕಿನ ಭಯ ಕಡಿಮೆ. ನಮ್ಮ ಅಣ್ಣ ನಾಲ್ಕೈದು ವರ್ಷ ತಡವಾಗಿ ಕಾಯಿಲೆ ಬಿದ್ದಿದ್ದರೆ ಆ ಒಂದು ಎಕರೆ ಉಳಿಯುತ್ತಿತ್ತೇನೋ ಅಂತ ಅತ್ತಿಗೆ ಈಗಲೂ ಅನ್ನುತ್ತಾರೆ.

ಆದರೆ ಉಚಿತ ಅಂದರೆ ಖರ್ಚೇ ಇಲ್ಲ ಅಂತಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಹೋಗಿ ಬರುವುದಕ್ಕೆ ಒಂದು ದಿನವೇ ಬೇಕು. ಜೊತೆಗೆ ಒಬ್ಬರು ಹೋಗಬೇಕು, ಅವರ ಕೂಲಿ ಹೋಯಿತು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತವಾಗಿದ್ದು ದೊಡ್ಡ ಉಪಕಾರ. ಗಂಡಸು ರೋಗಿಗೆ ಟಿಕೆಟ್ ಇದೆ. ಡಯಾಲಿಸಿಸ್ ಮುಗಿಸಿ ಸುಸ್ತಾದವರು ನಿಂತುಕೊಂಡು ಬಸ್ಸಿನಲ್ಲಿ ಬರೋಕಾಗಲ್ಲ, ಆಟೋ ಬೇಕು. ಹೀಗೆ ಸಣ್ಣ ಸಣ್ಣ ಖರ್ಚಿಗೆ ಹೆದರಿ ಮೂರು ಸಲದ್ದನ್ನು ಎರಡು, ಎರಡನ್ನು ಒಂದು ಮಾಡಿಕೊಳ್ಳುವವರು ಇದ್ದಾರೆ. ಅದೇ ಜೀವಕ್ಕೆ ಮುಳುವಾಗುವುದು.

ಕಸಿ ಮಾಡಿಸುವವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬಡ ಕುಟುಂಬಗಳಿಗೆ ಸಹಾಯದ ಯೋಜನೆ ಇದೆ. ಮೆದುಳು ನಿಷ್ಕ್ರಿಯವಾದವರ ಅಂಗದಾನಕ್ಕೆ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಕಸಿಯಾದ ಮೇಲೂ ಜೀವಮಾನವಿಡೀ ಮಾತ್ರೆ ನುಂಗಬೇಕು. ಒಂದು ಎಚ್ಚರಿಕೆ. ದುಡ್ಡು ಕೊಟ್ಟರೆ ಕಿಡ್ನಿ ಕೊಡಿಸುತ್ತೇನೆ, ಕಿಡ್ನಿ ಕೊಟ್ಟರೆ ದುಡ್ಡು ಕೊಡಿಸುತ್ತೇನೆ ಅನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ. 1994ರ ಕಾನೂನಿನ ಪ್ರಕಾರ ಅಂಗ ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಸಾಲ ತೀರಿಸಲು ಕಿಡ್ನಿ ಮಾರಿದವರ ಸಾಲ ತೀರಿದ್ದನ್ನು ನಾನು ಕೇಳಿಲ್ಲ.

ಇನ್ನು ಕಾರ್ಡುಗಳು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ನಮ್ಮ ಸಹಕಾರಿಗಳದ್ದೇ ಆದ ಯಶಸ್ವಿನಿ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಡಾ. ದೇವಿಶೆಟ್ಟಿಯವರ ಆಲೋಚನೆಯಂತೆ 2002ರ ನವೆಂಬರ್ 14ರಂದು ಉದ್ಘಾಟನೆಯಾಗಿ, 2003ರ ಜೂನ್‌ನಿಂದ ಜಾರಿಗೆ ಬಂತು. ಆಗ ಒಬ್ಬರಿಗೆ ವರ್ಷಕ್ಕೆ ಅರವತ್ತು ರೂಪಾಯಿ, ತಿಂಗಳಿಗೆ ಐದು ರೂಪಾಯಿ ಅಷ್ಟೇ. ಸಹಕಾರ ಸಂಘದ ಸದಸ್ಯತ್ವವೇ ಅದಕ್ಕೆ ಬಾಗಿಲು. 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಮತ್ತೆ ಶುರುವಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ಐನೂರು ರೂಪಾಯಿ ನಿಗದಿಯಾಯಿತು. ಪರಿಶಿಷ್ಟ ಜಾತಿ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಎಷ್ಟು ಮಂದಿ ಮಾಡಿಸಿದ್ದೀರಿ? ಗಡುವು ಮುಗಿದ ಮೇಲೆ ಬಂದು ಕಾರ್ಯದರ್ಶಿಗಳನ್ನು ಬೈಯುವವರೇ ಹೆಚ್ಚು.

ಆದರೆ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಯಶಸ್ವಿನಿ ಹುಟ್ಟಿದ್ದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ವರ್ಷಗಟ್ಟಲೆ ವಾರಕ್ಕೆ ಮೂರು ಸಲ ಬೇಕಾಗುವ ಡಯಾಲಿಸಿಸ್‌ಗೆ ಅದನ್ನೇ ನಂಬಿ ಕೂರುವಂತಿಲ್ಲ. ಯಾವ ಕಾರ್ಡು ಇದ್ದರೂ ಕೆಟ್ಟ ಕಿಡ್ನಿಯನ್ನು ಅದು ವಾಪಸ್ ತರುವುದಿಲ್ಲ. ಆದ್ದರಿಂದ ಬಡವರಿಗೆ ನಿಜವಾಗಿ ಎಟುಕುವ ಕಿಡ್ನಿ ಚಿಕಿತ್ಸೆ ಅಂದರೆ ಕೆಡುವುದಕ್ಕೆ ಮುಂಚಿನ ಪರೀಕ್ಷೆ.

ಇದು ಬರೀ ಬಾಯಿಮಾತಲ್ಲ, ಮಾಡಿ ತೋರಿಸಿದವರಿದ್ದಾರೆ. ಮದ್ರಾಸಿನ ಹೆಸರಾಂತ ಕಿಡ್ನಿ ತಜ್ಞರಾದ ಡಾ. ಎಂ.ಕೆ. ಮಣಿಯವರು 1990ರ ದಶಕದ ಕೊನೆಯಲ್ಲಿ ಕಿಡ್ನಿ ಹೆಲ್ಪ್ ಟ್ರಸ್ಟ್ ಮೂಲಕ ಚೆನ್ನೈ ಹತ್ತಿರದ ಹಳ್ಳಿಗಳಲ್ಲಿ ಈ ಕೆಲಸ ಹಿಡಿದರು. ಸುಮಾರು 25,000 ಜನಸಂಖ್ಯೆ. ಆ ಊರುಗಳ ಕಡೆಯವರೇ ಆದ, ಶಾಲೆ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಬಿ.ಪಿ. ನೋಡಿದರು, ಮೂತ್ರದಲ್ಲಿ ಅಲ್ಬುಮಿನ್, ಸಕ್ಕರೆ ನೋಡಿದರು. ಇದ್ದವರಿಗೆ ಡಾಕ್ಟರು ಅತಿ ಅಗ್ಗದ ಹಳೇ ಮಾತ್ರೆಗಳನ್ನೇ ಕೊಟ್ಟು ಬಿ.ಪಿ., ಸಕ್ಕರೆ ಹತೋಟಿಗೆ ತಂದರು. ಖರ್ಚು ಎಷ್ಟು ಬಂತು ಗೊತ್ತೇ? ತಲೆಗೆ ವರ್ಷಕ್ಕೆ 27 ಅಮೆರಿಕನ್ ಸೆಂಟು, ಅಂದಿನ ಲೆಕ್ಕದಲ್ಲಿ ಹದಿನೈದು ರೂಪಾಯಿಯೊಳಗೆ. ಒಬ್ಬರಿಗೆ ಒಂದು ದಿನ ಡಯಾಲಿಸಿಸ್ ಮಾಡಿಸುವ ದುಡ್ಡಿನಲ್ಲಿ ಒಂದು ಬೀದಿಯ ಜನರನ್ನೇ ಒಂದು ವರ್ಷ ಕಾಯಬಹುದು.

ನಮ್ಮಲ್ಲೂ ಅನುಕೂಲ ಇಲ್ಲದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆಯೂ ಮಾತ್ರೆಯೂ ಉಚಿತ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ನೋಡುವ ವ್ಯವಸ್ಥೆ ಇದೆ. ಆಶಾ ಅಕ್ಕಂದಿರು ಬಾಗಿಲಿಗೆ ಬಂದರೆ ನಾವು ಹೊಲದಲ್ಲಿರುತ್ತೇವೆ. ಕರೆದರೆ "ನಮಗೇನಾಗಿದೆ, ಕಲ್ಲು ಗುಂಡಿನ ಹಾಗಿದ್ದೀವಿ" ಅನ್ನುತ್ತೇವೆ. ಮಾತ್ರೆ ಕೊಟ್ಟರೆ ಹದಿನೈದು ದಿನ ನುಂಗಿ, ಆರಾಮಾಯಿತು ಅಂತ ಬಿಡುತ್ತೇವೆ. ಆದರೆ ಡೈರಿಗೆ ಮಾತ್ರ ದಿನಾ ತಪ್ಪದೆ ಬರುತ್ತೇವೆ. ಇಲ್ಲಿಗೆ ಸಂಬಂಧ ಬಂತು ನೋಡಿ. ಹಳ್ಳಿಯ ಬಹುಪಾಲು ಮನೆಯವರು ದಿನಕ್ಕೆ ಎರಡು ಸಲ ತಾವಾಗಿಯೇ ಬಂದು ಕ್ಯೂ ನಿಲ್ಲುವ ಜಾಗ ಡೈರಿ ಒಂದೇ. ಪ್ರತಿ ಮನೆಯ ಹೆಸರು, ನಂಬರು, ಲೆಕ್ಕ ನಮ್ಮ ಪುಸ್ತಕದಲ್ಲಿದೆ.

ಆದ್ದರಿಂದ ಈ ಬೆಳ್ಳಿಹಬ್ಬದ ವರ್ಷದಲ್ಲಿ ಸಂಘದ ಮುಂದೆ ಮೂರು ಸಲಹೆ ಇಡುತ್ತಿದ್ದೇನೆ.

ಒಂದನೆಯದು, ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಮೂತ್ರಪಿಂಡ ದಿನ. ಆ ವಾರ ಪೂರ್ತಿ, ಆರೋಗ್ಯ ಕೇಂದ್ರದವರ ಸಹಕಾರದಿಂದ, ಡೈರಿಯಲ್ಲೇ ಸದಸ್ಯರ ಮನೆಯ ಮೂವತ್ತು ವರ್ಷ ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ, ಮೂತ್ರದ ಅಲ್ಬುಮಿನ್ ಪರೀಕ್ಷೆ ಆಗಬೇಕು. ತೊಂದರೆ ಕಂಡವರನ್ನು ಡಾಕ್ಟರ ಹತ್ತಿರ ಕಳಿಸಿ, ಅವರು ಮಾತ್ರೆ ಬಿಟ್ಟಿಲ್ಲ ಅನ್ನುವುದನ್ನು ತಿಂಗಳಿಗೊಮ್ಮೆ ವಿಚಾರಿಸಬೇಕು. ಬಿ.ಪಿ. 140/90 ದಾಟಿದವರ ಹೆಸರನ್ನು ಬೋರ್ಡಿನಲ್ಲಿ ಬರೆಯಬಾರದು. ಅದು ಅವರ ಮನೆಯ ಗುಟ್ಟು.

ಎರಡನೆಯದು, ಯಶಸ್ವಿನಿ ನೋಂದಣಿ ಶುರುವಾದ ಕೂಡಲೇ ಒಪ್ಪಿದ ಸದಸ್ಯರ ವಂತಿಗೆಯನ್ನು ಎರಡು ಬಟವಾಡೆಯಲ್ಲಿ ಮುರಿದುಕೊಂಡು ಸಂಘವೇ ಕಟ್ಟಬೇಕು. ಗಡುವು ತಪ್ಪಿತು ಅನ್ನುವ ಮಾತು ಬರಬಾರದು.

ಮೂರನೆಯದು, ಲೀಟರಿಗೆ ಐದು ಪೈಸೆ. ನಮ್ಮಲ್ಲಿ ದಿನಕ್ಕೆ ಸುಮಾರು 1,100 ಲೀಟರ್ ಹಾಲು ಬರುತ್ತದೆ. ಐದು ಪೈಸೆ ಅಂದರೆ ದಿನಕ್ಕೆ ಐವತ್ತೈದು ರೂಪಾಯಿ, ವರ್ಷಕ್ಕೆ ಇಪ್ಪತ್ತು ಸಾವಿರ. ಹತ್ತು ಲೀಟರ್ ಹಾಕುವವನಿಗೆ ದಿನಕ್ಕೆ ಎಂಟಾಣೆ. ಅದರಲ್ಲಿ ಪರೀಕ್ಷೆಯ ಪಟ್ಟಿ, ಒಂದು ಬಿ.ಪಿ. ಯಂತ್ರ ಬರುತ್ತದೆ. ಉಳಿದದ್ದು ನಮ್ಮ ಸದಸ್ಯರ ಮನೆಗಳಲ್ಲಿ ಡಯಾಲಿಸಿಸ್‌ಗೆ ಹೋಗುವವರ ಬಸ್ಸು, ಆಟೋ ಖರ್ಚಿಗೆ. ಹಾಲು ಹಾಕದ ಬಡವರಿಗೂ ಕೊಡಬೇಕೆಂದು ನನ್ನ ಆಸೆ. ಅದನ್ನು ಸಭೆ ತೀರ್ಮಾನಿಸಲಿ.

ಆಡಳಿತ ಮಂಡಳಿಯಲ್ಲಿ ಇದಕ್ಕೆ ವಿರೋಧವೂ ಬಂತು, ಮುಚ್ಚಿಡುವುದಿಲ್ಲ. "ಇದು ಹಾಲಿನ ಸಂಘ ಕಣಪ್ಪ, ಧರ್ಮಾಸ್ಪತ್ರೆ ಅಲ್ಲ. ಹಿಂಡಿ, ಬೂಸಾ ರೇಟು ನೋಡಿದೀಯಾ? ಐದು ಪೈಸೆ ಮುರಿದರೂ ರೈತ ಕೇಳ್ತಾನೆ" ಅಂತ ಹಿರಿಯ ನಿರ್ದೇಶಕರೊಬ್ಬರು ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಹಾಲಿನ ದುಡ್ಡು ಬೆವರಿನ ದುಡ್ಡು, ಒಂದು ಪೈಸೆಗೂ ಲೆಕ್ಕ ಬೇಕು. ಅದಕ್ಕೇ ಈ ಹಣಕ್ಕೆ ಬೇರೆ ಖಾತೆ, ಬೇರೆ ಪುಸ್ತಕ ಇರಲಿ, ವಾರ್ಷಿಕ ಸಭೆಯಲ್ಲಿ ಓದಿ ಹೇಳಲಿ. ಆದರೆ ನಾನು ಅವರಿಗೆ ಕೇಳಿದ್ದು ಇಷ್ಟು. ಅಣ್ಣನ ಕಾಯಿಲೆಗೆ ನಮ್ಮ ಮನೆಯ ಮೂರು ಹಸು ಮಾರಿದೆವು. ಆ ಮೂರು ಹಸುವಿನ ಹಾಲು ಅವತ್ತಿನಿಂದ ಸಂಘಕ್ಕೂ ಬರಲಿಲ್ಲ. ನಷ್ಟ ನಮ್ಮ ಮನೆಗೆ ಮಾತ್ರವೇ?

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಸಾಲದಿಂದ ರೈತನ ಹೊಲ ಹೋಗಬಾರದು ಅಂತ. ಆಗ ಹೊಲ ಹೋಗುತ್ತಿದ್ದದ್ದು ಸಾಹುಕಾರನ ಬಡ್ಡಿಗೆ. ಈಗ ಹೋಗುತ್ತಿರುವುದು ಆಸ್ಪತ್ರೆ ಬಿಲ್ಲಿಗೆ. ಹೊಲ ಉಳಿಸುವುದು ಸಂಘದ ಕೆಲಸ ಅಂದಮೇಲೆ ಇದೂ ಸಂಘದ ಕೆಲಸವೇ.

ಮಾತು ಉದ್ದವಾಯಿತು, ಕ್ಷಮಿಸಿ. ಪಕ್ಕದ ಕೊಠಡಿಯಲ್ಲಿ ನರ್ಸ್ ಅಮ್ಮನವರು ಬಿ.ಪಿ. ಯಂತ್ರ ಇಟ್ಟುಕೊಂಡು ಕೂತಿದ್ದಾರೆ. ಮೂತ್ರ ಪರೀಕ್ಷೆಗೆ ಡಬ್ಬಿಗಳಿವೆ. ನಾಚಿಕೆ ಬೇಡ. ಊಟ ತಯಾರಾಗುವಷ್ಟರಲ್ಲಿ ಎಲ್ಲರದ್ದೂ ಮುಗಿಯುತ್ತದೆ. ಮೊದಲು ನಮ್ಮ ಅತ್ತಿಗೆ ಹೋಗುತ್ತೇನೆ ಅಂದಿದ್ದಾರೆ. ಅವರ ಹಿಂದೆ ನಾನು. ನನ್ನ ಹಿಂದೆ, ಐದು ಪೈಸೆ ಬೇಡ ಅಂದ ಹಿರಿಯರೂ ನಿಲ್ಲುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ನೀವೂ ಬನ್ನಿ.



ಜೈ ಸಹಕಾರ, ಜೈ ಕರ್ನಾಟಕ.